ಕಟ್ಟೆಯಮ್ಮನ ಮೀಸೆ

ಮೊದಲು ಕಂಡಿದ್ದು ಮೀಸೆ.

ಭಾನುಪ್ರಿಯಾಳ ಕೈಯಲ್ಲಿದ್ದ ಬ್ರಷ್ಷು ಅಲ್ಲೇ ನಿಂತಿತು. ನೀರಿನ ಬಕೆಟ್ಟು ಹಿಡಿದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ ವರಲಕ್ಷ್ಮಮ್ಮನಿಗೆ ಇನ್ನೂ ಏನೂ ಹೊಳೆದಿರಲಿಲ್ಲ. "ಇನ್ನೊಂದು ಚೆಂಬು ಹಾಕು ತಾಯಿ, ಮೂಗಿನ ಕೆಳಗೆ ಜಿಡ್ಡು ಹಂಗೇ ಐತೆ" ಅಂದಳು. ಹುಡುಗಿ ಹಾಕಿದಳು. ಜಿಡ್ಡು ಹೋಯಿತು, ಮೀಸೆ ಹೋಗಲಿಲ್ಲ.

ತೆಳ್ಳನೆಯ ಮೀಸೆ, ತುದಿ ಮಾತ್ರ ಚೂರು ಮೇಲಕ್ಕೆ ತಿರುಗಿತ್ತು. ವರಲಕ್ಷ್ಮಮ್ಮ ಸೆರಗಿನಿಂದ ಒರೆಸಿ ನೋಡಿದಳು, ಉಗುರಿನಿಂದ ಕೆರೆದು ನೋಡಿದಳು. ಕಲ್ಲಿನಲ್ಲೇ ಕೆತ್ತಿದ ಮೀಸೆ ಕೆರೆದರೆ ಎಲ್ಲಿಗೆ ಹೋಗುತ್ತದೆ? ಈಗಷ್ಟೇ ತೆಗೆದು ತಟ್ಟೆಯಲ್ಲಿಟ್ಟಿದ್ದ ಅಮ್ಮನ ಬೆಳ್ಳಿ ಕಣ್ಣನ್ನೂ ಮೂಗುತಿಯನ್ನೂ ಒಂದು ಸಲ ನೋಡಿದಳು, ಕಲ್ಲನ್ನು ಒಂದು ಸಲ ನೋಡಿದಳು. "ಇದೇನಮ್ಮ ಇದು?" ಅಂತ ಕೇಳಿದ್ದಕ್ಕೆ ಭಾನುಪ್ರಿಯಾ ಅತ್ತ ಕ್ಯಾಮೆರಾದ ಸ್ಟ್ಯಾಂಡು ನಿಲ್ಲಿಸುತ್ತಿದ್ದ ಅಲ್ತಾಫನನ್ನು ಕೂಗಿ ಕರೆದಳು.

ಕೋಡಿಪಾಳ್ಯದ ಕೆರೆ ಏರಿಯ ಮೇಲೆ, ಬೇವಿನ ಮರದ ಬುಡದಲ್ಲಿ, ಆಳೆತ್ತರದ ಆ ಕಲ್ಲು ಯಾವ ಕಾಲದಿಂದಲೋ ನಿಂತಿತ್ತು. ಊರಿಗೆಲ್ಲ ಅದು ಕಟ್ಟೆಯಮ್ಮ. ಪೂಜೆ ವರಲಕ್ಷ್ಮಮ್ಮನ ಮನೆಯದು. ಅತ್ತೆಯ ಕೈಯಿಂದ ಅವಳ ಕೈಗೆ ಬಂದದ್ದು. ಎಷ್ಟೋ ತಲೆಮಾರಿನ ಎಣ್ಣೆ, ಅರಿಶಿನ ಮೆತ್ತಿ ಮೆತ್ತಿ ಕಲ್ಲಿನ ಮೇಲೆ ರೊಟ್ಟಿಯಷ್ಟು ದಪ್ಪಗೆ ಪದರ ಕಟ್ಟಿಕೊಂಡಿತ್ತು. ಅದರ ಮೇಲೆ ಕುತ್ತಿಗೆಯವರೆಗೆ ಸೀರೆ. ಒಳಗೆ ಏನಿದೆ ಎಂದು ಕೇಳಿದವರೂ ಇಲ್ಲ, ಕೇಳುವ ಅಗತ್ಯ ಬಿದ್ದವರೂ ಇಲ್ಲ. ಈಗ ರಸ್ತೆ ಅಗಲ ಮಾಡುವಾಗ ಏರಿಯೂ ಸೇರುತ್ತದೆ, ಕಲ್ಲು ಎತ್ತಬೇಕು ಎಂದಾಯಿತು. ಪಂಚಾಯ್ತಿ ಮೆಂಬರು ಕೆಂಪರಾಜ್, ಹಳೇ ಕಲ್ಲುಗಳ ಫೋಟೋ ತೆಗೆದು ಕಂಪ್ಯೂಟರಿಗೆ ಏರಿಸುವ ಈ ಇಬ್ಬರನ್ನು ಬೆಂಗಳೂರಿನಿಂದ ಕರೆಸಿದ್ದ. "ಅಮ್ಮ, ಒಂದ್ಸಲ ತೊಳೆದು ನೋಡ್ಬಹುದಾ?" ಎಂದು ಹುಡುಗಿ ಕೇಳಿದಾಗ ವರಲಕ್ಷ್ಮಮ್ಮನೇ ಹೂಂ ಅಂದಿದ್ದಳು. ಶುಕ್ರವಾರ ಸಂಜೆ ಮಗಳ ಸೀಮಂತ, ಅಮ್ಮನಿಗೂ ಒಂದು ಒಳ್ಳೇ ಸ್ನಾನ ಆಗಲಿ ಎಂದು. ತಾನೊಂದು ಬಗೆದರೆ ದೈವವೊಂದು ಬಗೆಯಿತು ಅನ್ನುತ್ತಾರಲ್ಲ, ಇಲ್ಲಿ ದೈವ ಯಾವುದು ಎಂಬುದೇ ಗೊತ್ತಾಗದ ಹಾಗಾಯಿತು.

ಮಧ್ಯಾಹ್ನದ ಹೊತ್ತಿಗೆ ಕೆಳಗಿನ ದೊಡ್ಡ ಪಟ್ಟಿಯಲ್ಲಿ ಪೂರ್ತಿ ಆಳು ಹೊರಗೆ ಬಂದ. ಬಲಗೈಯಲ್ಲಿ ಕತ್ತಿ, ಎಡಗೈಯಲ್ಲಿ ಗುರಾಣಿ, ಮುಂದಕ್ಕೆ ಇಟ್ಟ ಕಾಲು. ಕಾಲಿನ ಹಿಂದೆ ಸಾಲಾಗಿ ದನಗಳು. ನಡುವಿನ ಪಟ್ಟಿಯಲ್ಲಿ ಅದೇ ಆಳನ್ನು ಇಬ್ಬರು ಹೆಂಗಸರು ತೋಳು ಹಿಡಿದು ಮೇಲಕ್ಕೆ ಎತ್ತಿಕೊಂಡು ಹೋಗುತ್ತಿದ್ದರು. ಎಲ್ಲಕ್ಕೂ ಮೇಲಿನ ಪಟ್ಟಿಯಲ್ಲಿ ಅವನು ಲಿಂಗದ ಮುಂದೆ ಕೈಮುಗಿದು ಕೂತಿದ್ದ.

"ವೀರಗಲ್ಲಮ್ಮ ಇದು" ಎಂದಳು ಭಾನುಪ್ರಿಯಾ. "ಸಾವಿರ ವರ್ಷ ಆಗಿರ್ಬೇಕು. ಊರಿನ ದನ ಹೊಡ್ಕೊಂಡು ಹೋದೋರ ಜೊತೆ ಕಾದಾಡಿ, ದನ ಬಿಡಿಸ್ಕೊಂಡು ಬಂದು ಸತ್ತಿದಾನೆ. ಸತ್ತೋನಿಗೆ ಊರು ಹಾಕಿಸಿದ ಕಲ್ಲು. ಕೆತ್ತನೆ ನೋಡಿ ಎಷ್ಟು ಚೆನ್ನಾಗಿದೆ, ಗುರಾಣಿಯ ಹಿಡಿ ಕೂಡ ಕಾಣಿಸ್ತಿದೆ."

"ಹಂಗಾದ್ರೆ ಅಮ್ಮ ಎಲ್ಲಿ?" ಎಂದಳು ವರಲಕ್ಷ್ಮಮ್ಮ.

ಭಾನುಪ್ರಿಯಾ ಅಲ್ತಾಫನ ಮುಖ ನೋಡಿದಳು, ಅಲ್ತಾಫ್ ಕ್ಯಾಮೆರಾದ ಮುಖ ನೋಡಿದ.

ಮನೆಗೆ ಬರುವ ದಾರಿಯುದ್ದಕ್ಕೂ ವರಲಕ್ಷ್ಮಮ್ಮನ ಕಿವಿ ಬಿಸಿಯಾಗುತ್ತಲೇ ಇತ್ತು. ನಾಚಿಕೆ. ಈ ವಯಸ್ಸಿನಲ್ಲಿ, ಮೊಮ್ಮಗು ಬರುವ ಹೊತ್ತಿನಲ್ಲಿ ನಾಚಿಕೆ. ಆ ಕಲ್ಲಿನ ಮುಂದೆ ಕೂತು ಅವಳು ಏನೇನು ಹೇಳಿಕೊಂಡಿಲ್ಲ? ಗರ್ಭಕೋಶ ತೆಗೆಸುವ ಮುಂಚಿನ ದಿನ ಹೇಳಿದ್ದು, ಗಂಡ ಬಚ್ಚಪ್ಪ ವಯಸ್ಸಿನಲ್ಲಿದ್ದಾಗ ಹಿಂದೂಪುರದ ಒಬ್ಬಳ ಮನೆಗೆ ಹೋಗಿಬರುತ್ತಿದ್ದಾಗ ಹೇಳಿದ್ದು, ಅವನು ಸಾಯಲಿ ಎಂದದ್ದು, ಬೇಡ ಬೇಡ ವಾಪಸ್ ಬರಲಿ ಎಂದದ್ದು. ಹೆಂಗಸು ಹೆಂಗಸಿಗೆ ಹೇಳುವ ಮಾತು. ಒಬ್ಬ ಗಂಡಸು, ಅದೂ ಕತ್ತಿ ಹಿಡಿದುಕೊಂಡು, ಎಲ್ಲವನ್ನೂ ಕೇಳಿಸಿಕೊಂಡು ನಿಂತಿದ್ದನಲ್ಲ.

ಇನ್ನು ಸೀರೆಯ ವಿಚಾರ ನೆನೆದರಂತೂ ನಗಬೇಕೋ ಅಳಬೇಕೋ ತಿಳಿಯದು. ಕಟ್ಟೆಯಮ್ಮನಿಗೆ ಸೀರೆ ಬದಲಿಸುವಾಗ ಇಬ್ಬರು ಮುತ್ತೈದೆಯರು ಸುತ್ತ ಪರದೆ ಹಿಡಿಯಬೇಕು, ಗಂಡಸರೆಲ್ಲ ಕೆರೆಯ ಕಡೆ ಮುಖ ಮಾಡಿ ನಿಲ್ಲಬೇಕು. ಬಿಸಿಲಿರಲಿ ಮಳೆಯಿರಲಿ, ಊರ ಗೌಡನೇ ಇರಲಿ, ಯಾರೂ ತಿರುಗುವಂತಿಲ್ಲ. ಎಷ್ಟು ತಲೆಮಾರಿನ ಗಂಡಸರು ಹಾಗೆ ತಲೆ ತಗ್ಗಿಸಿ, ಒಬ್ಬ ಮೀಸೆಯ ಆಳಿನ ಮಾನ ಕಾಯಲು ಬೆನ್ನು ತಿರುಗಿಸಿ ನಿಂತಿದ್ದರೋ ಲೆಕ್ಕವಿಲ್ಲ.

ಬಚ್ಚಪ್ಪ ಪವರ್‌ಲೂಮ್ ನಿಲ್ಲಿಸಿ ಎಲ್ಲವನ್ನೂ ಕೇಳಿದ. ಮಗ್ಗಕ್ಕೆ ಹೊಸ ಹಾಸುನೂಲು ಏರಿಸಿದಾಗ ಇಳಿಯುವ ಮೊದಲನೇ ಸೀರೆ ಕಟ್ಟೆಯಮ್ಮನದು. ಅಮ್ಮ ಉಟ್ಟು ಬಿಟ್ಟ ಸೀರೆಯನ್ನು ಮನೆಯ ಬಸುರಿ ಸೀಮಂತಕ್ಕೆ ಉಟ್ಟರೆ ಮಡಿಲು ತುಂಬುತ್ತದೆ ಎಂಬುದು ಆ ಮನೆಯ ನಂಬಿಕೆ. ಅನಿತಳಿಗೆಂದೇ ಅವನು ಹಸಿರು ಒಡಲಿಗೆ ಕೆಂಪು ಅಂಚಿನ ಸೀರೆ ನೇಯ್ದಿದ್ದ. ಸೆರಗೂ ಮುಗಿದು ಸೀರೆ ಇನ್ನೂ ಮಗ್ಗದ ಮೇಲೇ ಇತ್ತು.

"ಗಂಡಸಾದ್ರೇನು ಹೆಂಗಸಾದ್ರೇನು, ಕಲ್ಲು ಕಲ್ಲೇ" ಎಂದ ಬಚ್ಚಪ್ಪ. ಆಮೇಲೆ ಮಗ್ಗದ ಮೇಲಿನ ಸೀರೆ ಸವರುತ್ತ, "ಆದ್ರೂ ಕಣೇ, ಮದ್ವೆ ಆದಾಗಿಂದ ಒಂದ್ಸಲಾನೂ ತಿರುಗಿ ನೋಡಿಲ್ಲ ನಾನು. ತಿರುಗಿದ್ರೆ ಕಣ್ಣೋಗ್ತದೆ ಅಂತ ನಮ್ಮಪ್ಪ ಹೇಳಿದ್ದ" ಎಂದ.

"ನಿಮಗೆ ತಮಾಷೆ."

"ತಮಾಷೆ ಅಲ್ಲ. ಈಗ ಸೀರೆ ಕುಯ್ಯನಾ, ಬೇಡ್ವಾ? ಅದನ್ ಹೇಳು."

ಅಷ್ಟರಲ್ಲಿ ಫೋನು ಬಂತು. ಅನಿತ, ದೇವನಹಳ್ಳಿಯ ಗಂಡನ ಮನೆಯಿಂದ. ಏಳು ತಿಂಗಳ ಬಸುರಿ. ಇದಕ್ಕೆ ಮುಂಚೆ ಎರಡು ಸಲ ಮೂರನೇ ತಿಂಗಳು ದಾಟಿರಲಿಲ್ಲ. ಹಾಗಾಗಿ ಈ ಸಲ ಆ ಮನೆಯಲ್ಲೂ ಈ ಮನೆಯಲ್ಲೂ ಯಾರೂ ಗಟ್ಟಿಯಾಗಿ ಉಸಿರಾಡಿರಲಿಲ್ಲ.

"ಅಮ್ಮ, ಕಟ್ಟೆಯಮ್ಮ ಗಂಡಸಂತೆ, ಹೌದಾ?"

"ಯಾರೇ ಹೇಳಿದ್ದು ನಿಂಗೆ?"

"ಕೆಂಪರಾಜಣ್ಣ ಸ್ಟೇಟಸ್ ಹಾಕವ್ನೆ. ಸೀರೆ ಉಟ್ಟ ವೀರ ಅಂತ. ಎಲ್ಲಾರೂ ನಗೋ ಬೊಂಬೆ ಹಾಕವ್ರೆ ಅದಕ್ಕೆ. ನಮ್ಮತ್ತೆನೂ ನೋಡಿದ್ರು."

"ಏನಂದ್ರು ಬೀಗಿತ್ತಿ?"

"ಗಂಡಸಿಗೆ ಉಡಿಸಿದ್ ಸೀರೆ ಬಸುರಿ ಉಡ್ಬಾರ್ದು, ಅಂಗಡಿಯಿಂದ ಹೊಸದು ತರ್ತೀನಿ ಅಂತವ್ರೆ." ಅನಿತ ಆಮೇಲೆ ದನಿ ಇಳಿಸಿದಳು. "ಅಮ್ಮ, ಒಂದ್ ಮಾತು ಕೇಳ್ತೀನಿ, ಬೈಬೇಡ. ಹೋದ್ ಎರಡು ಸಲಾನೂ ಅಲ್ಲೇ ಅಲ್ವಾ ನಾವು ಹರಕೆ ಹೊತ್ಕೊಂಡಿದ್ದು? ಅದಕ್ಕೇ ನಿಲ್ಲಲಿಲ್ವಾ? ಕೇಳಬಾರದೋರ ಹತ್ರ ಕೇಳ್ಬಿಟ್ವಾ?"

ವರಲಕ್ಷ್ಮಮ್ಮ ಏನೋ ಹೇಳಿದಳು, ಏನು ಹೇಳಿದಳೋ ಅವಳಿಗೇ ನೆನಪಿಲ್ಲ. ಮಗಳನ್ನು ಆ ಕಲ್ಲಿನ ಮುಂದೆ ಕೂರಿಸಿ, ಅವಳ ಸೆರಗಿಗೆ ತೆಂಗಿನಕಾಯಿ ಕಟ್ಟಿದ್ದು ತಾನೇ. ಎರಡು ಸಲವೂ ತಾನೇ. ದೇವರು ಕೈಬಿಟ್ಟಳು ಎಂದು ಆಗ ಅತ್ತಿದ್ದಳು. ಈಗ ನೋಡಿದರೆ ಅಲ್ಲಿ ದೇವರೇ ಇರಲಿಲ್ಲ, ಯಾರೋ ದನ ಕಾಯಲು ಹೋಗಿ ಸತ್ತ ಆಳು ಇದ್ದ. ಅವನಿಗೆ ಬಸಿರಿನ ಕಷ್ಟ ಏನು ತಿಳಿದೀತು? ತಿಳಿದರೂ ಅವನ ಕೈಯಲ್ಲಿ ಏನಿತ್ತು? ಫೋನು ಇಟ್ಟ ಮೇಲೆ ಅವಳು ಮಗ್ಗದ ಪಕ್ಕದಲ್ಲೇ ನೆಲಕ್ಕೆ ಕೂತುಬಿಟ್ಟಳು. ಬಚ್ಚಪ್ಪ ಕತ್ತರಿಯನ್ನು ಕೈಯಲ್ಲಿ ಹಿಡಿದು, ಕತ್ತರಿಸದೆ, ಮತ್ತೆ ಗೂಡಿನಲ್ಲಿಟ್ಟ.

ಮರುದಿನ ಕೆಂಪರಾಜ್ ಮನೆಗೇ ಬಂದ. ಬಿಳೀ ಅಂಗಿ, ಮುಖದ ತುಂಬ ನಗು.

"ವರಲಕ್ಷ್ಮಕ್ಕ, ಪುಣ್ಯವಂತ್ರು ಕಣಕ್ಕ ನೀವು. ನಮ್ಮೂರಲ್ಲಿ ಯುದ್ಧ ಸ್ಮಾರಕ ಐತೆ ಅಂತ ಯಾವನಿಗೆ ಗೊತ್ತಿತ್ತು? ಇಷ್ಟು ವರ್ಷ ಕಾಪಾಡಿದೋರು ನೀವು. ಶುಕ್ರವಾರ ಮಧ್ಯಾಹ್ನ ಕ್ರೇನ್ ಬರ್ತೈತೆ. ಪಂಚಾಯ್ತಿ ಆಫೀಸ್ ಮುಂದೆ ಗ್ರಾನೈಟ್ ಕಟ್ಟೆ, ಸುತ್ತ ಸ್ಟೀಲ್ ಗ್ರಿಲ್ಲು, ಪಕ್ಕದಲ್ಲಿ ಧ್ವಜಸ್ತಂಭ. ಆಗಸ್ಟ್ ಹದಿನೈದಕ್ಕೆ ಹಾರ."

"ಪೂಜೆ?"

"ಪೂಜೆ ಏನಕ್ಕ, ಸೆಲ್ಯೂಟ್ ಹೊಡೀಬೇಕು. ನಮ್ಮೂರ ಮೊದಲನೇ ಸೈನಿಕ. ಇನ್ಮೇಲೆ ಅರಿಶಿನ ಎಣ್ಣೆ ಎಲ್ಲಾ ಹಚ್ಚಂಗಿಲ್ಲ, ಕಲ್ಲು ತಿಂದೋಗ್ತದಂತೆ. ಸೀರೆನಂತೂ ಬೇಡ್ವೇ ಬೇಡ, ಆಗ್ಲೇ ಪಕ್ಕದೂರೋರು ಆಡ್ಕೋತಾವ್ರೆ. ಬೇಕಾದ್ರೆ ಒಂದು ಪಂಚೆ ಹೊದಿಸಿ ಕಳಿಸ್ಕೊಡಿ."

"ಹೆಸರೇನಂತಪ್ಪಾ ಅವರದ್ದು?"

"ಅದೇ ತಲೆನೋವು. ಕೆಳಗೆ ಅಕ್ಷರ ಇದ್ವಂತೆ, ಹೆಸರಿರೋ ಜಾಗಾನೇ ಚಕ್ಕೆ ಎದ್ದೋಗೈತೆ. ನಮ್ಮ ತಾತನ ಕಡೆಯೋರು ಮೊದಲಿಂದ ದಂಡಿನೋರು ಅಂತಾರೆ. ಬೋರ್ಡಲ್ಲಿ ಆ ವಿಚಾರ ಒಂದು ಲೈನ್ ಹಾಕ್ಸನ ಅಂತಿದೀನಿ." ಕೆಂಪರಾಜ್ ಕಾಫಿ ಮುಗಿಸಿ ಲೋಟ ಕೆಳಗಿಟ್ಟ. "ಸತ್ತೋನು ಬಂದು ಅಲ್ಲ ಅಂತಾನಾ?"

ಅವನು ಹೋದ ಮೇಲೂ ವರಲಕ್ಷ್ಮಮ್ಮ ಬಾಗಿಲಲ್ಲೇ ನಿಂತಿದ್ದಳು. ಊರು ಒಬ್ಬ ವೀರನನ್ನು ಪಡೆಯಿತು, ಸಂತೋಷ. ತಾನು ಕಳಕೊಂಡದ್ದು ಯಾರನ್ನು? ಕಟ್ಟೆಯಮ್ಮ ಸತ್ತಳು ಅನ್ನೋಣವೆಂದರೆ ಅವಳು ಇರಲೇ ಇಲ್ಲವಂತೆ. ಇರದವಳಿಗೆ ಇಷ್ಟು ವರ್ಷ ಕಷ್ಟಸುಖ ಹೇಳಿಕೊಂಡವಳಿಗೆ ಏನನ್ನಬೇಕು? ಹುಚ್ಚಿ ಅನ್ನಬೇಕು.

ಶುಕ್ರವಾರ ಬೆಳಿಗ್ಗೆ ಎದ್ದು ಕೆರೆ ಏರಿಗೆ ಹೋಗುವಾಗ ಅವಳ ಒಂದು ಕಂಕುಳಲ್ಲಿ ಸೀರೆ, ಇನ್ನೊಂದು ಕಂಕುಳಲ್ಲಿ ಪಂಚೆ, ಕೈಯಲ್ಲಿ ಪೂಜೆಯ ಬುಟ್ಟಿ, ಚೆಂಬು. ಸೀರೆಯನ್ನು ಹಿಂದಿನ ಸಂಜೆ ಬಚ್ಚಪ್ಪ ಹೇಳದೆ ಕೇಳದೆ ಕತ್ತರಿಸಿ ಮಡಿಸಿ ಇಟ್ಟಿದ್ದ. "ಯಾರಿಗಾದ್ರೂ ಉಡಿಸ್ಕೋ, ನೇಯ್ದಿದ್ ಸೀರೆ ಮಗ್ಗದ ಮೇಲೆ ಇರಬಾರ್ದು" ಎಂದಿದ್ದ. ಪಂಚೆಯೂ ಅವನದೇ, ಹೊಸದು. ಎರಡನ್ನೂ ಎತ್ತಿಕೊಂಡು ಬಂದವಳಿಗೆ ಯಾವುದನ್ನು ಬಿಚ್ಚಬೇಕು ಎಂಬುದು ಮಾತ್ರ ಗೊತ್ತಿರಲಿಲ್ಲ.

ಅಲ್ತಾಫ್ ಕಲ್ಲಿನ ಸುತ್ತ ನಿಧಾನಕ್ಕೆ ತಿರುಗುತ್ತ ಕೈಯಲ್ಲಿದ್ದ ಸ್ಕ್ಯಾನರ್ ಆಡಿಸುತ್ತಿದ್ದ. ಭಾನುಪ್ರಿಯಾ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದಳು. ಕ್ರೇನ್ ಬರುವುದರೊಳಗೆ ಮುಗಿಸಬೇಕಿತ್ತು. ಕಲ್ಲು ಬರಿಮೈಯಲ್ಲಿ ನಿಂತಿತ್ತು. ವರಲಕ್ಷ್ಮಮ್ಮ ತನಗರಿವಿಲ್ಲದೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಪರಗಂಡಸಿನ ಮುಂದೆ ನಿಂತ ಹಾಗಿತ್ತು. ಅವ್ವಾ ಎಂದು ಬಾಯಿಗೆ ಬಂದದ್ದು ಅಲ್ಲೇ ನಿಂತಿತು. ಅಪ್ಪಾ ಎನ್ನೋಣವೆಂದರೆ ನಾಲಿಗೆ ಏಳಲಿಲ್ಲ.

ಅವಳ ಒದ್ದಾಟ ನೋಡಿ ಭಾನುಪ್ರಿಯಾ ಎದ್ದು ಬಂದಳು. ಒಳ್ಳೆಯ ಹುಡುಗಿ, ಈ ಎರಡು ದಿನದಿಂದ ಅವಳಿಗೂ ನಿದ್ದೆ ಬಂದಂತಿರಲಿಲ್ಲ. "ಅಮ್ಮ, ನೋಡಿ, ಇಲ್ಲಿ ನಡುವೆ ಇಬ್ಬರು ಹೆಂಗಸ್ರಿದಾರಲ್ಲ, ಅಪ್ಸರೆಯರು. ನಿಮ್ಮ ಹಿರಿಯರು ಬಹುಶಃ ಇವರನ್ನೇ ಅಮ್ಮ ಅಂತ ಪೂಜೆ ಮಾಡಿರಬಹುದು."

ವರಲಕ್ಷ್ಮಮ್ಮ ಬಗ್ಗಿ ನೋಡಿದಳು. ಗೇಣುದ್ದದ ಹೆಂಗಸರು, ಸೊಂಟ ತಿರುಗಿಸಿಕೊಂಡು, ನಗುನಗುತ್ತ ಹಾರುತ್ತಿದ್ದರು.

"ಇವರು ಕರ್ಕೊಂಡ್ ಹೋಗೋಕೆ ಬಂದೋರು ಕಣವ್ವ" ಎಂದಳು. "ಅವಸರದಲ್ಲಿ ಅವ್ರೆ. ಇವರ ಹತ್ರ ಯಾರು ಕಷ್ಟ ಹೇಳ್ಕೋತಾರೆ?"

ಅವಳ ಕಣ್ಣು ಕೆಳಗಿನ ಕತ್ತಿಯವನ ಕಡೆ ಇಳಿಯಿತು.

"ಇವರಿಗೆ ವಯಸ್ಸೆಷ್ಟಿರಬೌದು?" ವರಲಕ್ಷ್ಮಮ್ಮ ಕೇಳಿದಳು.

"ಹೇಳೋಕಾಗಲ್ಲಮ್ಮ. ಎಲ್ಲಾ ವೀರಗಲ್ಲಲ್ಲೂ ಹೀಗೇ ಕೆತ್ತಿರ್ತಾರೆ."

ಅಲ್ತಾಫ್ ಸ್ಕ್ಯಾನರ್ ಇಳಿಸಿದ. ದೊಡ್ಡಬಳ್ಳಾಪುರದವನು, ನೇಕಾರರ ಬೀದಿಯಲ್ಲೇ ಆಡಿ ಬೆಳೆದವನು. "ಮೇಡಂ ಹೇಳೋದು ಸರಿ. ಆದ್ರೆ ನಂಗೆ ಮಾತ್ರ ಚಿಕ್ ಹುಡುಗ ಅನ್ನಿಸ್ತೈತೆ ಅಮ್ಮಾ. ಕೆನ್ನೆ ನೋಡಿ. ಮೀಸೆ ಈಗ್ಲೋ ಆಗ್ಲೋ ಬಂದಂಗೈತೆ. ನಮ್ ತಮ್ಮ ಹಿಂಗೇ ಅವ್ನೆ" ಎಂದ. ಆಮೇಲೆ ಬೆರಳು ಕೆಳಗಿಳಿಸಿ, "ಇಲ್ನೋಡಿ, ಪಕ್ಕೆ ಹತ್ರ. ಬಾಣ ನೆಟ್ಟೈತೆ. ಕಂಪ್ಯೂಟರಲ್ಲಿ ಪಕ್ಕಾ ಕಾಣ್ತೈತೆ. ಇದ್ರಿಂದಾನೇ ಹೋಗವ್ನೆ ಪಾಪ" ಎಂದ.

ವರಲಕ್ಷ್ಮಮ್ಮ ಅವನ ಬೆರಳಿದ್ದ ಕಡೆ ನೋಡಿದಳು. ಕಲ್ಲಿನಲ್ಲಿ ಒಂದು ಸಣ್ಣ ಗುಬುಟು, ಅದರ ಸುತ್ತ ಸವೆದು ಗುಳಿಬಿದ್ದ ಜಾಗ. ಕಣ್ಣಿಗೆ ಹೊಸದು. ಕೈಗೆ ಹೊಸದಲ್ಲ. ಹೆಬ್ಬೆರಳನ್ನು ಅಲ್ಲಿಟ್ಟಳು. ಅದು ತನ್ನ ಮನೆಗೆ ಬಂದಂತೆ ಆ ಗುಳಿಯಲ್ಲಿ ಕೂತಿತು. ಮಂಗಳವಾರ, ಶುಕ್ರವಾರ, ಸೀರೆಯ ಸೆರಗೊಳಗೆ ಕೈಹಾಕಿ ಅವಳು ಅರಿಶಿನ ಒತ್ತುತ್ತಿದ್ದುದು ಇಲ್ಲೇ, ಹೆಬ್ಬೆರಳು ಬಿದ್ದೂ ಬಿದ್ದೂ ಪದರ ಕಟ್ಟದೆ ಗುಳಿಯಾಗೇ ಉಳಿದ ಜಾಗ. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಅವಳ ಕೈ ಹಿಡಿದು ತೋರಿಸಿಕೊಟ್ಟಿದ್ದರು. ಮಿಕ್ಕ ಕಡೆ ಸವರಿದರೆ ಸಾಕು, ಇಲ್ಲಿ ಮಾತ್ರ ತುಂಬಿ ಒತ್ತಬೇಕು, ಬಿಡಬಾರದು ಎಂದಿದ್ದರು. ಯಾಕೆ ಎಂದು ಇವಳು ಕೇಳಲಿಲ್ಲ, ಅವರು ಹೇಳಲೂ ಇಲ್ಲ. ಅಮ್ಮನ ಹೊಕ್ಕುಳಿರಬೇಕು ಎಂದುಕೊಂಡಿದ್ದಳು.

ಏರಿಯ ಕೆಳಗೆ ಕಾರು ನಿಂತ ಸದ್ದಾಯಿತು. ಅಳಿಯ ಚೌಡೇಶನ ಬಾಡಿಗೆ ಕಾರು. ಅನಿತ ಇಳಿದು, ಸೊಂಟದ ಮೇಲೆ ಕೈಯಿಟ್ಟು, ಒಂದೊಂದೇ ಹೆಜ್ಜೆಯಾಗಿ ಏರಿ ಹತ್ತಿ ಬಂದಳು. ಅತ್ತೆಗೆ ಹೇಳಿ ಬಂದಳೋ ಹೇಳದೆ ಬಂದಳೋ. ಮೈಮೇಲೆ ಹಳೇ ನೈಟಿ, ಅದರ ಮೇಲೊಂದು ವೇಲು. ಏದುಸಿರು ಬಿಡುತ್ತ ಕಲ್ಲಿನ ಎದುರು ನಿಂತಳು. ಚಿಕ್ಕಂದಿನಿಂದ ಬೆಳ್ಳಿ ಕಣ್ಣು, ಮೂಗುತಿ ನೋಡಿ ಕೈಮುಗಿದವಳು, ಈಗ ಆ ಕೆನ್ನೆಯನ್ನೂ ಆ ಎಳೆ ಮೀಸೆಯನ್ನೂ ಬಹಳ ಹೊತ್ತು ನೋಡಿದಳು. ಅವಳ ಮುಖದಲ್ಲಿ ಏನಿದೆ ಎಂದು ತಾಯಿಗೆ ತಿಳಿಯಲಿಲ್ಲ. ಭಯವೋ ಸಿಟ್ಟೋ.

"ನಂಗೊಂದೂ ತಿಳೀತಿಲ್ಲ ಕಣೇ" ಎಂದಳು ವರಲಕ್ಷ್ಮಮ್ಮ. "ನೀನು ಫೋನಲ್ಲಿ ಕೇಳಿದ್ದಕ್ಕೆ ಏನು ಹೇಳ್ಬೇಕೋ ಗೊತ್ತಿಲ್ಲ. ಅದು ಹೋಗಿದ್ದು ಯಾಕೋ, ಇದು ನಿಂತಿರೋದು ಯಾಕೋ, ಯಾರ ದಯಾನೋ. ಇವರನ್ನ ಏನಂತ ಕರೀಬೇಕೋ ಅದೂ ಗೊತ್ತಿಲ್ಲ. ಇಲ್ನೋಡು." ಮಗಳ ಕೈ ಹಿಡಿದು ಹೆಬ್ಬೆರಳನ್ನು ಆ ಗುಳಿಗೆ ಮುಟ್ಟಿಸಿದಳು. "ಇಲ್ಲೇ ಕಣೇ ನಾನು ಅರಿಶಿನ ಒತ್ತುತ್ತಿದ್ದಿದ್ದು. ಬಾಣ ಅಂತೆ ಇದು."

ಅನಿತ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. "ಅಜ್ಜಿನೂ ಇಲ್ಲೇ ಒತ್ತತಿದ್ರಾ?"

"ಅವರೇ ಹೇಳ್ಕೊಟ್ಟಿದ್ದು. ಅವರಿಗೆ ಅವರತ್ತೆ."

"ಅವರಿಗೆ?"

"ಅವರಿಗೆ ಇನ್ಯಾರೋ. ನಂಗೇನ್ ಗೊತ್ತು."

ರಸ್ತೆಯ ಕಡೆಯಿಂದ ಕ್ರೇನಿನ ಹಾರನ್ ಕೇಳಿಸಿತು. ಮಧ್ಯಾಹ್ನ ಅಂದಿದ್ದು ಬೆಳಿಗ್ಗೆಯೇ ಬಂದಿತ್ತು. ಅದರ ಮುಂದೆ ಕೆಂಪರಾಜನ ಬೈಕು. ಅಲ್ತಾಫ್ ಗಡಬಡಿಸಿ ಸ್ಟ್ಯಾಂಡು ಮಡಿಸತೊಡಗಿದ. ಅನಿತ ಹೊಟ್ಟೆ ಹಿಡಿದುಕೊಂಡು ನಿಧಾನಕ್ಕೆ ಕಟ್ಟೆಯ ಮೇಲೆ ಕೂತಳು. ತಾಯಿಯ ಕಂಕುಳಿನಿಂದ ಹಸಿರು ಸೀರೆಯನ್ನು ಎಳೆದು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಪಂಚೆಯನ್ನು ಅಲ್ಲೇ ಬಿಟ್ಟಳು. ಪೂಜೆಯ ಬುಟ್ಟಿಯಿಂದ ಅರಿಶಿನದ ಪೊಟ್ಟಣ ತೆಗೆದು ತಾಯಿಯ ಅಂಗೈಗೆ ಸುರಿದಳು, ಚೆಂಬಿನಿಂದ ನೀರು ಬಿಟ್ಟಳು.

ಕಲ್ಲು ಹಾಳಾಗುತ್ತದೆ ಎಂದು ಹೇಳಬೇಕಿದ್ದ ಭಾನುಪ್ರಿಯಾ ಲ್ಯಾಪ್‌ಟಾಪ್ ಎತ್ತಿಕೊಂಡು ಪಕ್ಕಕ್ಕೆ ಸರಿದಳು.

ವರಲಕ್ಷ್ಮಮ್ಮ ಅರಿಶಿನ ಕಲಸಿ, ಎಂದಿನ ರೂಢಿಯಲ್ಲಿ, ಎಂದಿನ ಬಲದಿಂದ ಹೆಬ್ಬೆರಳನ್ನು ಆ ಗುಳಿಗೆ ಒತ್ತಿದಳು.

"ಮೆತ್ತಗಮ್ಮ" ಎಂದಳು ಅನಿತ. "ಮೆತ್ತಗೆ ಹಚ್ಚು."